ಹೊಸ ತಂತ್ರಾಂಶಕ್ಕಾಗಿ ಹಳೆಯ ಲೆಕ್ಕ ಅಳಿಸುವ ಮುನ್ನ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ 25 ವರ್ಷ ತುಂಬಿದ ಈ ಸುಸಂದರ್ಭದಲ್ಲಿ ಹಿರಿಯರು ಸಂಘ ಕಟ್ಟಿದ ಕಥೆ ಹೇಳಿದರು, ಕೇಳಿ ಸಂತೋಷವಾಯಿತು. ನಮ್ಮನ್ನು ಬೇರೆ ಒಂದು ವಿಷಯದ ಬಗ್ಗೆ ಎರಡು ಮಾತು ಆಡಿರಿ ಅಂತ ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಸಂಘದ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕುವ ಕಾಲ ಬಂದಿದೆ. ಹಾಕಬೇಕಾದರೆ ಜಾಗ ಬೇಕು. ಜಾಗ ಇಲ್ಲ, ಹಳೆಯ ಲೆಕ್ಕ ತುಂಬಿಕೊಂಡಿದೆ. ಹಾಗಾದರೆ ಹಳೆಯದನ್ನು ಏನು ಮಾಡಬೇಕು? ಪ್ರಶ್ನೆ ಇಷ್ಟೇ. "ಇದು ಕಾರ್ಯದರ್ಶಿ ನೋಡಿಕೊಳ್ಳೋ ಕೆಲಸ, ಇದಕ್ಕೆ ಭಾಷಣ ಯಾಕೆ?" ಅಂತ ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಆ ಹಳೆಯ ಲೆಕ್ಕ ಕಾರ್ಯದರ್ಶಿಯವರದ್ದಲ್ಲ, ತಮ್ಮದು. ತಮ್ಮ ಷೇರು, ತಮ್ಮ ಠೇವಣಿ, ತಮ್ಮ ಸಾಲ, ತಾವು ಕಟ್ಟಿದ ಕಂತು, ಎಲ್ಲಾ ಅದರೊಳಗೇ ಇದೆ. ಅದಕ್ಕೇ ತಮ್ಮ ಮುಂದೆ ಮಾತಾಡಬೇಕಾಯಿತು.

ನಾವು ಎಸ್.ಎಸ್.ಎಲ್.ಸಿ. ಓದಿ ಬೇಸಾಯಕ್ಕೆ ನಿಂತವರು. ಕಂಪ್ಯೂಟರ್ ಪಂಡಿತರಲ್ಲ. ನಿರ್ದೇಶಕರಾದ ಮೇಲೆ ಲೆಕ್ಕ ಪರಿಶೋಧಕರನ್ನು ಕೇಳಿ, ತಂತ್ರಾಂಶ ಹಾಕಲು ಬರುವ ಹುಡುಗರನ್ನು ಕೂರಿಸಿಕೊಂಡು ಕೇಳಿ, ತಿಳಿದುಕೊಂಡದ್ದನ್ನು ನಮ್ಮ ರೈತರ ಮಾತಿನಲ್ಲೇ ಹೇಳುತ್ತೇವೆ.

ಸಹಕಾರ ಸಂಘಕ್ಕೂ ಲೆಕ್ಕಕ್ಕೂ ಇರುವ ನಂಟು ಇವತ್ತಿನದಲ್ಲ. 1904ರಲ್ಲಿ ದೇಶದಲ್ಲಿ ಸಹಕಾರ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಹಿಡಿದು ಬಹಳ ಕಾಲದವರೆಗೆ ಸಂಘ ಅಂದರೆ ಒಂದು ಕೋಣೆ, ಒಂದು ಬೀರು, ಅದರೊಳಗೆ ಕಿರ್ದಿ, ಖತಾವಣಿ, ಷೇರು ರಿಜಿಸ್ಟರ್, ನಡವಳಿ ಪುಸ್ತಕ. ಬೀರು ತುಂಬಿದರೆ ಹಳೆಯ ಪುಸ್ತಕ ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದರು. ಗೆದ್ದಲು, ಇಲಿ, ಸೋರುವ ಹೆಂಚು, ಇವು ಮೂರು ಆ ಕಾಲದ ಶತ್ರುಗಳು. ಆದರೂ ಒಂದು ಅನುಕೂಲ ಇತ್ತು. ಪುಸ್ತಕ ಕಣ್ಣಿಗೆ ಕಾಣುತ್ತಿತ್ತು. ಯಾರಾದರೂ ಗಂಟು ಹೊತ್ತು ಗುಜರಿಗೆ ಹಾಕಲು ಹೊರಟರೆ ಬೀದಿಯಲ್ಲಿ ನಾಲ್ಕು ಜನ "ಏನಪ್ಪಾ ಅದು, ಎಲ್ಲಿಗೆ?" ಅಂತ ಕೇಳುತ್ತಿದ್ದರು.

ಕಂಪ್ಯೂಟರಿನಲ್ಲಿ ಹಾಗಿಲ್ಲ. ಒಂದು ಗುಂಡಿ ಒತ್ತಿದರೆ 15 ವರ್ಷದ ಖತಾವಣಿ ಸದ್ದಿಲ್ಲದೆ ಹೋಗುತ್ತದೆ. ಯಾರೂ ಕೇಳುವುದಿಲ್ಲ, ಯಾಕೆಂದರೆ ಯಾರಿಗೂ ಕಾಣುವುದಿಲ್ಲ.

ಈಗ ಯಾಕೆ ಈ ಮಾತು ಅಂದರೆ, ದೇಶದ ತುಂಬಾ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ತಂತ್ರಾಂಶ ಬದಲಾಯಿಸುತ್ತಿವೆ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ 63,000 ಸಂಘಗಳನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಗ ಅದರ ಅಂದಾಜು 2,516 ಕೋಟಿ ರೂಪಾಯಿ. ನಬಾರ್ಡ್ ಅದರ ಉಸ್ತುವಾರಿ. ಹಾಲಿನ ಸಂಘ, ಪತ್ತಿನ ಸಂಘ, ಸೌಹಾರ್ದ, ಇವರೂ ತಮ್ಮ ತಮ್ಮ ತಂತ್ರಾಂಶ ಬದಲಾಯಿಸುತ್ತಲೇ ಇದ್ದಾರೆ. ಇದರ ಜೊತೆಗೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹೀಗಾಗಿ ಎಷ್ಟೋ ಕಚೇರಿಗಳಲ್ಲಿ ಕಂಪ್ಯೂಟರಿನ ಮೂಲ ವ್ಯವಸ್ಥೆಯನ್ನೇ ಬದಲಿಸಬೇಕಾಗಿದೆ. ಬದಲಾವಣೆ ಬೇಡ ಅಂತ ನಾವು ಹೇಳುವುದಿಲ್ಲ. ಬದಲಾವಣೆಯ ದಿನವೇ ಹಳೆಯ ಲೆಕ್ಕಕ್ಕೆ ಹೆಚ್ಚು ಅಪಾಯ ಅಂತ ಹೇಳುತ್ತೇವೆ.

ಮೊದಲು ಜಾಗ ಯಾಕೆ ತುಂಬುತ್ತದೆ ಅಂತ ನೋಡೋಣ. ಹಳೆಯ ಗೋದಾಮಿನಿಂದ ಹೊಸ ಗೋದಾಮಿಗೆ ಭತ್ತ ಸಾಗಿಸುತ್ತೀವಿ ಅಂತ ಇಟ್ಟುಕೊಳ್ಳಿ. ಭತ್ತವಾದರೆ ಅಲ್ಲಿಂದ ಎತ್ತಿ ಇಲ್ಲಿಗೆ ಹಾಕಿದರೆ ಅಲ್ಲಿ ಖಾಲಿ. ಕಂಪ್ಯೂಟರಿನಲ್ಲಿ ಹಾಗಲ್ಲ. ಹೊಸ ತಂತ್ರಾಂಶ ಹಳೆಯ ಲೆಕ್ಕವನ್ನು ಓದಿ, ತನ್ನ ಪದ್ಧತಿಯಲ್ಲಿ ಮತ್ತೊಂದು ಸಾರಿ ಬರೆದುಕೊಳ್ಳುತ್ತದೆ. ಹಳೆಯದು ಅಲ್ಲೇ ಇರುತ್ತದೆ, ಹೊಸದು ಅದರ ಪಕ್ಕಕ್ಕೆ ಬರುತ್ತದೆ. ಶುರು ಮಾಡುವ ಮುಂಚೆ ಜೋಪಾನಕ್ಕೆ ಅಂತ ಒಂದು ಪ್ರತಿ ತೆಗೆದಿರುತ್ತಾರೆ, ಅದನ್ನು ಬ್ಯಾಕಪ್ ಅಂತಾರೆ. ಬರೆದುಕೊಳ್ಳುವಾಗ ನಡುವೆ ತಾತ್ಕಾಲಿಕ ಕಡತಗಳೂ ಏಳುತ್ತವೆ. ಅಂದರೆ ಲೆಕ್ಕ 10 ಜಿ.ಬಿ. ಇದ್ದರೆ ಹಳೆಯದು 10, ಬ್ಯಾಕಪ್ 10, ಹೊಸದು 10, ತಾತ್ಕಾಲಿಕ 10, ಒಟ್ಟು 40 ಬೇಕಾಗಬಹುದು. ಅದಕ್ಕೇ ತಿಳಿದವರು, ಇರುವ ಲೆಕ್ಕದ ಮೂರು ಪಟ್ಟು ಖಾಲಿ ಜಾಗ ಇಟ್ಟುಕೊಂಡು ಕೆಲಸ ಶುರು ಮಾಡಿ ಅಂತಾರೆ.

ಅಷ್ಟು ಜಾಗ ಇಲ್ಲದೆ ಶುರು ಮಾಡಿದರೆ ಏನಾಗುತ್ತದೆ? ಅರ್ಧ ಸದಸ್ಯರ ಲೆಕ್ಕ ಆ ಕಡೆ ಹೋಗಿ, ಅರ್ಧ ಈ ಕಡೆ ಉಳಿದು, ಡಿಸ್ಕು ತುಂಬಿತು ಅಂತ ಕಂಪ್ಯೂಟರ್ ನಿಂತುಬಿಡುತ್ತದೆ. ಕೆಲವು ತಂತ್ರಾಂಶ ತಾನಾಗಿಯೇ ಹಿಂದಕ್ಕೆ ಬರುತ್ತದೆ, ಕೆಲವು ಬರುವುದಿಲ್ಲ. ಆ ಗಾಬರಿಯಲ್ಲಿ ಕೂತವರು ಏನು ಮಾಡುತ್ತಾರೆ? "ಇದೇನೋ ಹಳೇದು, ಬೇಡದ್ದು" ಅಂತ ಕೈಗೆ ಸಿಕ್ಕಿದ್ದನ್ನು ಅಳಿಸುತ್ತಾರೆ. ನಷ್ಟ ಆಗುವುದು ಬಹುಪಾಲು ಇಂಥಾ ಗಾಬರಿಯ ಗಳಿಗೆಯಲ್ಲೇ. ಆದ್ದರಿಂದ ಜಾಗ ಬಿಡಿಸುವ ಕೆಲಸವನ್ನು ಬದಲಾವಣೆಗೆ ಹದಿನೈದು ದಿನ ಮುಂಚೆ, ಸಮಾಧಾನದಿಂದ ಮಾಡಬೇಕು.

ಇನ್ನು ಜಾಗ ತಿನ್ನುವುದು ನಿಜವಾಗಿ ಯಾವುದು? ಇದು ನಮಗೇ ಆಶ್ಚರ್ಯ ತಂದ ಸಂಗತಿ. ಸಾವಿರ ಸದಸ್ಯರ ಒಂದು ಸಂಘ ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರದು ವರ್ಷಕ್ಕೆ 40 ಜಮಾ-ಖರ್ಚಿನ ಸಾಲು. ವರ್ಷಕ್ಕೆ 40,000 ಸಾಲು, 25 ವರ್ಷಕ್ಕೆ 10 ಲಕ್ಷ ಸಾಲು. ಹೆಸರು, ದಿನಾಂಕ, ಮೊತ್ತ ಎಲ್ಲಾ ಸೇರಿ ಒಂದು ಸಾಲಿಗೆ 500 ಬೈಟ್ ಹಿಡಿದರೂ ಒಟ್ಟು ಅರ್ಧ ಜಿ.ಬಿ. ಆಗುತ್ತದೆ. ಹಳೆಯ ಕಾಲದ ಒಂದು 700 ಎಂ.ಬಿ. ಸಿ.ಡಿ.ಯಲ್ಲಿ ಹಿಡಿಸುವಷ್ಟು! 25 ವರ್ಷದ ಇಡೀ ಸಂಘದ ಬೆವರು ಒಂದು ಸಿ.ಡಿ.ಯೊಳಗೆ.

ಹಾಗಾದರೆ ಡಿಸ್ಕು ತುಂಬಿದ್ದು ಯಾವುದರಿಂದ? ದಿನಾ ಸಂಜೆ ತೆಗೆದ ಬ್ಯಾಕಪ್ಪನ್ನು ಅದೇ ಕಂಪ್ಯೂಟರಿನಲ್ಲಿ ಗುಡ್ಡೆ ಹಾಕಿರುತ್ತೇವೆ. 1 ಜಿ.ಬಿ.ಯ ಲೆಕ್ಕವನ್ನು ವರ್ಷಕ್ಕೆ 300 ದಿನ ನಕಲು ಮಾಡಿದರೆ 300 ಜಿ.ಬಿ. ಆಯಿತಲ್ಲಾ! ಆಮೇಲೆ ಸ್ಕ್ಯಾನ್ ಮಾಡಿದ ಆಧಾರ್, ಪಹಣಿ, ರೇಷನ್ ಕಾರ್ಡು. ಒಂದು ಹಾಳೆಗೆ 1 ಎಂ.ಬಿ. ಅಂದರೂ ಸಾವಿರ ಹಾಳೆಗೆ 1 ಜಿ.ಬಿ. ಅದನ್ನೇ ಎರಡೆರಡು ಮೂರು ಮೂರು ಸಾರಿ ಮಾಡಿರುತ್ತೇವೆ. ಆಮೇಲೆ ಹಿಂದಿನ ತಂತ್ರಾಂಶಗಳ ಕಂತೆ. ಆಮೇಲೆ ವಾರ್ಷಿಕೋತ್ಸವದ ವಿಡಿಯೋ. ಇನ್ನು ಯಾರೋ ತಂದು ಹಾಕಿದ ಸಿನಿಮಾ ಹಾಡುಗಳ ಬಗ್ಗೆ ನಾವು ಹೆಚ್ಚು ಹೇಳುವುದಿಲ್ಲ, ತಾವೆಲ್ಲಾ ನಗುತ್ತಿದ್ದೀರಿ.

ಒಟ್ಟು ಅರ್ಥ ಇಷ್ಟು: ಜಾಗ ತಿಂದದ್ದು ಲೆಕ್ಕವಲ್ಲ, ಲೆಕ್ಕದ ನಕಲುಗಳು. ಆದರೆ ಅಳಿಸಲು ಹೊರಟಾಗ ನಕಲಿನ ಜೊತೆ ಅಸಲೂ ಹೋಗಿಬಿಡುತ್ತದೆ.

ನಮ್ಮ ತಾಲ್ಲೂಕಿನ ಸೂಳೆಕೆರೆ ತಮಗೆಲ್ಲಾ ಗೊತ್ತು. ಎರಡು ಗುಡ್ಡದ ನಡುವೆ ಏರಿ ಕಟ್ಟಿ ನಿಲ್ಲಿಸಿದ ಕೆರೆ. ಹೂಳು ತುಂಬಿದೆ, ತೆಗೆಯಬೇಕು ಅಂತ ಎಷ್ಟು ವರ್ಷದಿಂದ ಕೇಳುತ್ತಾ ಬಂದಿದ್ದೇವೆ. ಹೂಳು ತೆಗೆದರೆ ನೀರು ಹೆಚ್ಚು ನಿಲ್ಲುತ್ತದೆ ಸರಿ. ಆದರೆ ಹೂಳೂ ಮಣ್ಣೇ, ಏರಿಯೂ ಮಣ್ಣೇ ಅಂತ ಏರಿಗೆ ಗುದ್ದಲಿ ಹಾಕುತ್ತಾರೆಯೇ? ಕಂಪ್ಯೂಟರಿನಲ್ಲೂ ಹೂಳು ಯಾವುದು, ಏರಿ ಯಾವುದು ಅಂತ ಮೊದಲು ಗುರುತು ಮಾಡಿಕೊಳ್ಳಬೇಕು.

"ಹೊಸ ತಂತ್ರಾಂಶಕ್ಕೆ ಬಾಕಿ ಎಲ್ಲಾ ಹೋಗಿದೆಯಲ್ಲಾ, ಹಳೇದು ಯಾಕೆ ಬೇಕು?" ಅಂತ ನಮ್ಮ ಮಂಡಳಿಯಲ್ಲೇ ಒಬ್ಬ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಏನೆಂದರೆ, ಇಂಥ ಬದಲಾವಣೆಯಲ್ಲಿ ಬಹಳ ಸಲ ಹೊಸದಕ್ಕೆ ಹೋಗುವುದು ಒಂದು ದಿನದ ಶಿಲ್ಕು ಮಾತ್ರ. ಇಂಥವರ ಷೇರು ಇಷ್ಟು, ಸಾಲ ಇಷ್ಟು, ಬಡ್ಡಿ ಇಷ್ಟು. ಆ ಮೊತ್ತ ಹೇಗೆ ಬಂತು, ಯಾವ ದಿನ ಸಾಲ ಕೊಟ್ಟರು, ಯಾವ ದಿನ ಕಟ್ಟಿದರು, ಬಡ್ಡಿ ಯಾವಾಗಿಂದ ಹಾಕಿದರು, ಇದು ಹಳೆಯ ಲೆಕ್ಕದಲ್ಲೇ ಉಳಿಯುತ್ತದೆ. ಶಿಲ್ಕಿನ ಬಗ್ಗೆ ತಕರಾರು ಬಂದರೆ ಉತ್ತರ ಕೊಡುವುದು ಹಳೆಯದೇ.

ಹಳೆಯ ಸಾಲದ ತಾರೀಖು ಎಷ್ಟು ಬೆಲೆಬಾಳುತ್ತದೆ ಅನ್ನುವುದಕ್ಕೆ ಒಂದು ದೊಡ್ಡ ಉದಾಹರಣೆ ಕೊಡುತ್ತೇವೆ. 2008ರಲ್ಲಿ ಕೇಂದ್ರ ಸರ್ಕಾರ ರೈತರ ಸಾಲ ಮನ್ನಾ ಮಾಡಿತು. ಅದು ಯಾರಿಗೆ? 1997ರ ಏಪ್ರಿಲ್ 1ರಿಂದ 2007ರ ಮಾರ್ಚ್ 31ರೊಳಗೆ ಕೊಟ್ಟ ಸಾಲವಾಗಿರಬೇಕು, 2007ರ ಡಿಸೆಂಬರ್ 31ಕ್ಕೆ ಸುಸ್ತಿಯಾಗಿರಬೇಕು, 2008ರ ಫೆಬ್ರವರಿ 29ರವರೆಗೆ ತೀರದೇ ಇರಬೇಕು. ಸಣ್ಣ ಮತ್ತು ಅತಿಸಣ್ಣ ರೈತರಿಗೆ ಪೂರ್ತಿ ಮನ್ನಾ, ಉಳಿದವರು ಮುಕ್ಕಾಲು ಭಾಗ ಕಟ್ಟಿದರೆ ಕಾಲು ಭಾಗ ರಿಯಾಯಿತಿ. ನೋಡಿ, 2008ರಲ್ಲಿ ಬಂದ ಯೋಜನೆಗೆ 1997ರ ಲೆಕ್ಕ ಬೇಕಾಯಿತು. 1997ರಲ್ಲಿ ಸಾಲ ಕೊಟ್ಟವರಿಗೆ ಮುಂದೆ ಹೀಗೊಂದು ಯೋಜನೆ ಬರುತ್ತದೆ ಅಂತ ಗೊತ್ತಿತ್ತೇ? ಇರಲಿಲ್ಲ. ಆಮೇಲೆ 2013ರಲ್ಲಿ ಸಂಸತ್ತಿನ ಮುಂದೆ ಬಂದ ಸಿ.ಎ.ಜಿ. ವರದಿಯಲ್ಲಿ, ಪರಿಶೀಲಿಸಿದ 90,576 ಖಾತೆಗಳ ಪೈಕಿ ಶೇಕಡಾ 22ಕ್ಕೂ ಹೆಚ್ಚಿನವುಗಳಲ್ಲಿ ಲೋಪ ಇತ್ತು ಅಂತ ಹೇಳಿದ್ದಾರೆ. ಅರ್ಹರಿಗೆ ತಪ್ಪಿದ್ದೂ ಇತ್ತು, ಅರ್ಹರಲ್ಲದವರಿಗೆ ಸಿಕ್ಕಿದ್ದೂ ಇತ್ತು. ದಾಖಲೆ ಸರಿಯಾಗಿ ಇಲ್ಲದಿದ್ದರೆ ನ್ಯಾಯ ಹೇಗೆ ತಪ್ಪುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮ ರಾಜ್ಯದಲ್ಲೂ 2017ರಲ್ಲಿ ಸಹಕಾರ ಸಂಘಗಳ ಬೆಳೆ ಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಬಂತು. 2018ರಲ್ಲಿ ಮತ್ತೆ ಒಂದು ಲಕ್ಷದವರೆಗೆ ಬಂತು. ಆಗ ಆಧಾರ್ ತನ್ನಿ, ರೇಷನ್ ಕಾರ್ಡ್ ತನ್ನಿ, ಪಹಣಿ ತನ್ನಿ ಅಂತ ನಾವೆಲ್ಲಾ ಓಡಾಡಿದ್ದು ನೆನಪಿದೆ. ಎರಡು ಸಾರಿಯೂ ಕೇಳಿದ್ದು ಒಂದೇ ಮಾತು: ನಿಗದಿ ಮಾಡಿದ ದಿನಕ್ಕೆ ಈ ರೈತನ ಹೆಸರಿನಲ್ಲಿ ಎಷ್ಟು ಹೊರಬಾಕಿ ಇತ್ತು? ಆ ದಿನ ಮುಗಿದು ಹೋದ ದಿನ. ಅದನ್ನು ಹೇಳಲು ಆ ದಿನದ ಲೆಕ್ಕವೇ ಬೇಕು, ಇವತ್ತಿನ ಶಿಲ್ಕು ಸಾಲದು.

ಇನ್ನೊಂದು ಸಂಗತಿ. ಯಾವ ಊರು, ಯಾವ ಸಂಘ ಅಂತ ಹೇಳುವುದು ಬೇಡ, ಹೇಳಿದರೆ ಅವರ ಮನಸ್ಸಿಗೆ ನೋವು. ಅಲ್ಲಿ ಹೊಸ ತಂತ್ರಾಂಶಕ್ಕೆ ಹೋಗುವಾಗ ಮಾರ್ಚ್ ಕೊನೆಗೆ ನಾಲ್ಕು ದಿನ ಮುಂಚೆಯೇ ಬಾಕಿ ಪಟ್ಟಿ ತೆಗೆದರು. ತಮಗೆ ಗೊತ್ತು, ಬೆಳೆ ಸಾಲ ಕಟ್ಟುವವರು ಹೆಚ್ಚಾಗಿ ಬರುವುದು ಮಾರ್ಚ್ ಕೊನೆಯ ವಾರದಲ್ಲೇ. ಆ ನಾಲ್ಕು ದಿನದ ರಸೀದಿಗಳು ಹಳೆಯ ತಂತ್ರಾಂಶಕ್ಕೆ ಬಿದ್ದವು, ಹೊಸದಕ್ಕೆ ಹೋಗಲಿಲ್ಲ. ಆಮೇಲೆ ಜಾಗ ಬೇಕು ಅಂತ ಹಳೆಯದನ್ನು ಅಳಿಸಿದರು. ಮುಂಗಾರಿಗೆ ಹೊಸ ಸಾಲ ಕೇಳಲು ಹೋದ ರೈತನಿಗೆ "ನಿಮ್ಮದು ಹಿಂದಿನ ಬಾಕಿ ಇದೆ" ಅಂದರು. ಅವನು ಕಟ್ಟಿದ್ದ. ಮನೆಯ ಟ್ರಂಕಿನಲ್ಲಿ ರಸೀದಿ ಇತ್ತು, ಬದುಕಿಕೊಂಡ. ರಸೀದಿ ಕಳೆದುಕೊಂಡವರು ತಿಂಗಳುಗಟ್ಟಲೆ ಸಂಘದ ಬಾಗಿಲು ತಿರುಗಿದರು. ಸಕಾಲಕ್ಕೆ ಕಟ್ಟಿದವನಿಗೆ ಸಿಗುವ ಬಡ್ಡಿ ರಿಯಾಯಿತಿ ಸುಸ್ತಿದಾರನಿಗೆ ಇಲ್ಲ. 2023-24ರಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆ. ಅಂದ ಮೇಲೆ ಒಂದು ಸಾಲು ಲೆಕ್ಕ ಕಾಣೆಯಾದರೆ ಒಬ್ಬ ರೈತನ ಮನೆಯಲ್ಲಿ ಎಷ್ಟು ಹಣದ ಏರುಪೇರು ಆಗಬಹುದು, ತಾವೇ ಯೋಚಿಸಿ.

ಕಂದಾಯ ಇಲಾಖೆಯವರ ಅನುಭವವನ್ನೂ ನೋಡೋಣ. ಭೂಮಿ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿ ನಿಂತುಹೋಯಿತು. ಹಾಗಂತ ಕೈಬರಹದ ಹಳೆಯ ಪುಸ್ತಕ ಸುಟ್ಟರೇ? ಇಲ್ಲ. ಇವತ್ತಿಗೂ ಪಾಲು ವಿಭಾಗದ ತಕರಾರು ಬಂದರೆ ಹಳೆಯ ಮ್ಯುಟೇಷನ್ ನಕಲು ಬೇಕು ಅಂತ ತಾಲ್ಲೂಕು ಕಚೇರಿಗೇ ಹೋಗುತ್ತೇವೆ. 2024ರಿಂದ 'ಭೂ ಸುರಕ್ಷಾ' ಅಂತ ಆ ಹಳೆಯ ಕಡತಗಳನ್ನೇ ಸ್ಕ್ಯಾನ್ ಮಾಡಿ ಇಡುವ ಕೆಲಸ ನಡೆದಿದೆ. ಹೊಸದು ಬಂದ ಮೇಲೂ ಹಳೆಯದಕ್ಕೆ ಬೆಲೆ ಇದೆ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು.

ಕಾನೂನಿನ ಮಾತೂ ಇದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ 63ನೇ ಕಲಂ ಲೆಕ್ಕ ಪರಿಶೋಧನೆ, 64 ವಿಚಾರಣೆ, 70 ವ್ಯಾಜ್ಯ. ಯಾವುದೇ ಕಲಂನಲ್ಲಿ ಬಂದರೂ ಮೊದಲು ಕೇಳುವುದು ದಾಖಲೆ. 69ನೇ ಕಲಂ ಪ್ರಕಾರ ಸಂಘಕ್ಕೆ ನಷ್ಟ ಮಾಡಿದವರಿಂದ ವಸೂಲಿಯೂ ಆಗಬಹುದು. ಆಡಳಿತ ಮಂಡಳಿಯ ನಾವು, "ಕಂಪ್ಯೂಟರ್ ಹುಡುಗ ಅಳಿಸಿಬಿಟ್ಟ" ಅಂತ ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಈಗ ಕೆಲಸದ ಕ್ರಮಕ್ಕೆ ಬರುತ್ತೇವೆ. ನಾವು ತಿಳಿದುಕೊಂಡ ಹಾಗೆ ಏಳು ಹೆಜ್ಜೆ.

ಒಂದನೆಯದು, ದಿನ ಗೊತ್ತು ಮಾಡುವುದು. ಹಳೆಯ ತಂತ್ರಾಂಶದಲ್ಲಿ ಇಂಥ ದಿನ ಸಂಜೆಗೆ ಕೊನೆಯ ನಮೂದು, ಮರುದಿನದಿಂದ ಹೊಸದರಲ್ಲಿ ಮಾತ್ರ. ನಡುವೆ ಒಂದು ದಿನವೂ ಎರಡು ಕಡೆ ಬರೆಯಬಾರದು, ಒಂದು ದಿನವೂ ಬಿಡಬಾರದು. ಅವತ್ತು ವ್ಯವಹಾರ ನಿಲ್ಲಿಸಿ ಬೋರ್ಡು ಹಾಕಿದರೂ ಚಿಂತೆಯಿಲ್ಲ.

ಎರಡನೆಯದು, ಕಾಗದ. ಆ ಸಂಜೆಯ ಸದಸ್ಯವಾರು ಬಾಕಿ ಪಟ್ಟಿ, ಷೇರು ಪಟ್ಟಿ, ಠೇವಣಿ ಪಟ್ಟಿ, ತಾಳೆಪಟ್ಟಿ ಎಲ್ಲಾ ಕಾಗದದ ಮೇಲೆ ಮುದ್ರಿಸಿ, ಕಾರ್ಯದರ್ಶಿ ಮತ್ತು ಅಧ್ಯಕ್ಷರು ಪುಟ ಪುಟಕ್ಕೆ ಸಹಿ ಹಾಕಿ, ಬೈಂಡ್ ಮಾಡಿಸಿ ಬೀರುವಿನಲ್ಲಿ ಇಡುವುದು. ಕರೆಂಟು ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ.

ಮೂರನೆಯದು, ಮೂರು ಪ್ರತಿ. ಕಂಪ್ಯೂಟರ್ ಕೆಲಸದವರು ಹೇಳುವ ಒಂದು ಸರಳ ಸೂತ್ರ ಇದೆ: ಪ್ರತಿ ಮೂರು ಇರಬೇಕು, ಎರಡು ಬಗೆಯ ಸಾಧನದಲ್ಲಿ ಇರಬೇಕು, ಒಂದು ಬೇರೆ ಕಟ್ಟಡದಲ್ಲಿ ಇರಬೇಕು. ಒಂದು ಸಂಘದ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಡಿ.ವಿ.ಡಿ. ಅಥವಾ ಬೇರೆ ಸಾಧನದಲ್ಲಿ ಬ್ಯಾಂಕ್ ಲಾಕರಿನಲ್ಲಿ. ಸಿಡಿಲು ಹೊಡೆದರೆ ಕಂಪ್ಯೂಟರೂ ಹೋಗುತ್ತದೆ, ಅದಕ್ಕೆ ಸಿಕ್ಕಿಸಿಟ್ಟ ಡಿಸ್ಕೂ ಹೋಗುತ್ತದೆ. ಬಿತ್ತನೆ ಬೀಜ ಎಲ್ಲಾ ಒಂದೇ ಚೀಲದಲ್ಲಿ ಇಡುವವನು ರೈತನಲ್ಲ. ಖರ್ಚಿನ ಮಾತಾದರೆ, ಒಂದು ಕ್ವಿಂಟಾಲ್ ರಾಶಿ ಅಡಿಕೆಯ ಬೆಲೆಯಲ್ಲಿ ಇಂಥ ಹಲವಾರು ಡಿಸ್ಕು ಬರುತ್ತವೆ.

ನಾಲ್ಕನೆಯದು, ಮೊಳಕೆ ಪರೀಕ್ಷೆ. ಭತ್ತದ ಬೀಜ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯಿತು ಅಂತ ನೋಡದೆ ಸಸಿ ಮಡಿಗೆ ಹಾಕುತ್ತೇವೆಯೇ? ಬ್ಯಾಕಪ್ಪೂ ಹಾಗೆಯೇ. ತೆಗೆದಿಟ್ಟರೆ ಆಗಲಿಲ್ಲ. ಅದನ್ನು ಬೇರೆ ಒಂದು ಕಂಪ್ಯೂಟರಿನಲ್ಲಿ ಬಿಚ್ಚಿ, ಹತ್ತು ಸದಸ್ಯರ ಖಾತೆ ತೆರೆದು ನೋಡಬೇಕು. ತೆರೆಯದ ಬ್ಯಾಕಪ್ ಮೊಳೆಯದ ಬೀಜ.

ಐದನೆಯದು, ಓದುವ ಸಾಧನ. ಇದನ್ನು ಬಹಳ ಜನ ಮರೆಯುತ್ತಾರೆ. ಲೆಕ್ಕ ಉಳಿಸಿ, ಅದನ್ನು ಓದುವ ಹಳೆಯ ತಂತ್ರಾಂಶ ಅಳಿಸಿದರೆ, ಪೆಟ್ಟಿಗೆ ಇಟ್ಟು ಬೀಗದ ಕೈ ಎಸೆದ ಹಾಗೆ. ಹಿಂದೆ ಎಷ್ಟೋ ಲೆಕ್ಕದ ಕಾರ್ಯಕ್ರಮಗಳನ್ನು ಫಾಕ್ಸ್‌ಪ್ರೋದಲ್ಲಿ ಬರೆಯುತ್ತಿದ್ದರು. ಅದರ ಕೊನೆಯ ಆವೃತ್ತಿಗೂ ಕಂಪನಿಯ ಬೆಂಬಲ 2015ಕ್ಕೆ ಮುಗಿಯಿತು. ಹಾಗೇ ಕನ್ನಡದ ತೊಂದರೆ. ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಸದಸ್ಯರ ಹೆಸರು, ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಹೆಸರು ಕೆಟ್ಟಿಲ್ಲ, ಓದಲು ಫಾಂಟ್ ಇಲ್ಲ ಅಷ್ಟೇ. ಯೂನಿಕೋಡ್‌ಗೆ ಪರಿವರ್ತಿಸುವವರೆಗೆ ಆ ಫಾಂಟುಗಳನ್ನೂ, ಹಳೆಯ ತಂತ್ರಾಂಶದ ಸಿ.ಡಿ., ಲೈಸೆನ್ಸ್, ಪಾಸ್‌ವರ್ಡ್ ಎಲ್ಲವನ್ನೂ ಲೆಕ್ಕದ ಜೊತೆಗೇ ಇಡಬೇಕು.

ಆರನೆಯದು, ತಾಳೆ. ಹೊಸ ತಂತ್ರಾಂಶದ ಒಟ್ಟು ಮೊತ್ತ ಹಳೆಯದರ ಒಟ್ಟಿಗೆ ಹೊಂದಬೇಕು. ಆದರೆ ಒಟ್ಟು ಹೊಂದಿದರೆ ಸಾಲದು. ಒಬ್ಬರ ಜಮಾ ಇನ್ನೊಬ್ಬರ ಖಾತೆಗೆ ಬಿದ್ದರೂ ಒಟ್ಟು ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಸದಸ್ಯವಾರು ತಾಳೆ ಆಗಲೇಬೇಕು. ಇಲ್ಲಿ ತಮ್ಮ ಸಹಾಯ ಬೇಕು. ತಮ್ಮ ಪಾಸ್‌ಬುಕ್ಕು, ರಸೀದಿ ತಂದು ತೋರಿಸಿದರೆ ಮಾತ್ರ ಈ ಕೆಲಸ ಪೂರ್ತಿಯಾಗುತ್ತದೆ.

ಏಳನೆಯದು, ಆಮೇಲೆ ಅಳಿಸುವುದು. ತಾಳೆ ಮುಗಿದು, ಒಂದು ಮಾರ್ಚ್ ಕೊನೆಯ ಲೆಕ್ಕ ಹೊಸದರಲ್ಲಿ ಆಗಿ, ಪರಿಶೋಧನೆಯೂ ಮುಗಿದ ಮೇಲೆ, ಮಂಡಳಿಯಲ್ಲಿ ಠರಾವು ಮಾಡಿ ಜಾಗ ಬಿಡಿಸುವುದು. ಏನನ್ನು ಅಳಿಸಬಹುದು? ದಿನದಿನದ ಬ್ಯಾಕಪ್‌ಗಳಲ್ಲಿ ತಿಂಗಳ ಕೊನೆಯದು, ವರ್ಷದ ಕೊನೆಯದು ಇಟ್ಟು ಉಳಿದದ್ದು. ಎರಡೆರಡು ಸಾರಿ ಮಾಡಿದ ಸ್ಕ್ಯಾನ್. ತಾತ್ಕಾಲಿಕ ಕಡತ. ಹಾಡು, ಸಿನಿಮಾ. ಏನನ್ನು ಮುಟ್ಟಬಾರದು? ಪ್ರತಿ ಮಾರ್ಚ್ 31ರ ಬ್ಯಾಕಪ್, ಬದಲಾವಣೆಯ ಹಿಂದಿನ ಸಂಜೆಯ ಬ್ಯಾಕಪ್, ಷೇರು ಮತ್ತು ಸಾಲದ ಖತಾವಣಿ, ನಡವಳಿ. ಹೂಳು ಮೊದಲಿನದು, ಏರಿ ಎರಡನೆಯದು.

ಅಳಿಸುವ ಬಗ್ಗೆ ಇನ್ನೂ ಮೂರು ಎಚ್ಚರಿಕೆ. ವಿಂಡೋಸ್ ಅನ್ನು ಹೊಸ ಆವೃತ್ತಿಗೆ ಏರಿಸಿದಾಗ ಹಿಂದಿನದನ್ನು 'ವಿಂಡೋಸ್ ಡಾಟ್ ಓಲ್ಡ್' ಅನ್ನುವ ಫೋಲ್ಡರಿನಲ್ಲಿ ತಾನೇ ಎತ್ತಿಡುತ್ತದೆ. ಬಹಳ ಜಾಗ ತಿನ್ನುತ್ತದೆ ನಿಜ, ಆದರೆ ಹತ್ತು ದಿನ ಕಳೆದ ಮೇಲೆ ಅದನ್ನು ತಾನೇ ಅಳಿಸುತ್ತದೆ. ಹಳೆಯ ತಂತ್ರಾಂಶ ಏನಾದರೂ ಅದರೊಳಗೆ ಸೇರಿಕೊಂಡಿದೆಯೇ ಅಂತ ಆ ಹತ್ತು ದಿನದೊಳಗೇ ನೋಡಬೇಕು.

ಎರಡನೆಯದು, ಕೆಲವು ಹಳೆಯ ತಂತ್ರಾಂಶದಲ್ಲಿ ಅಳಿಸಿದರೂ ಜಾಗ ಬಿಡುವುದಿಲ್ಲ. ಫಾಕ್ಸ್‌ಪ್ರೋದಲ್ಲಿ ಒಂದು ನಮೂದು ಅಳಿಸಿದರೆ ಅದಕ್ಕೆ ಗುರುತು ಮಾತ್ರ ಬೀಳುತ್ತದೆ. ತೋಟದಲ್ಲಿ ಒಣಗಿದ ಮರಕ್ಕೆ ಸುಣ್ಣದ ಗೆರೆ ಎಳೆದ ಹಾಗೆ. ಗೆರೆ ಎಳೆದರೆ ಮರ ಬೀಳಲಿಲ್ಲ. 'ಪ್ಯಾಕ್' ಅನ್ನುವ ಆಜ್ಞೆ ಕೊಟ್ಟಾಗ ಮಾತ್ರ ಅದು ನಿಜವಾಗಿ ಹೋಗುತ್ತದೆ, ಹೋದ ಮೇಲೆ ತಿರುಗಿ ಬರುವುದಿಲ್ಲ. ಆದ್ದರಿಂದ "ಅಳಿಸಿದ್ದೀವಿ, ಜಾಗ ಆಗಲಿಲ್ಲ" ಅಂತ ಇನ್ನಷ್ಟು ಅಳಿಸಲು ಹೋಗಬಾರದು, ತಿಳಿದವರನ್ನು ಕೇಳಬೇಕು. ಈಗಿನ ಎಸ್.ಎಸ್.ಡಿ. ಅನ್ನುವ ವೇಗದ ಡಿಸ್ಕಿನಲ್ಲಂತೂ ಒಮ್ಮೆ ಅಳಿಸಿದ್ದನ್ನು ಮತ್ತೆ ತೆಗೆಯುವುದು ಬಹಳ ಕಷ್ಟ.

ಮೂರನೆಯದು, ಹಳೆಯ ಕಂಪ್ಯೂಟರನ್ನು ಹಾಗೇ ಗುಜರಿಗೆ ಕೊಡಬಾರದು. ಅದರ ಡಿಸ್ಕಿನಲ್ಲಿ ತಮ್ಮೆಲ್ಲರ ಆಧಾರ್ ನಂಬರು, ಫೋನ್ ನಂಬರು, ಖಾತೆ ನಂಬರು ಇರುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದರೂ ಅದರ ಮೇಲೆ ಬೇರೆ ಬರೆಯುವವರೆಗೆ ತೆಗೆಯಬಲ್ಲವರಿದ್ದಾರೆ. ಜನರ ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಕೇಂದ್ರ ಕಾಯ್ದೆಯೇ ಆಗಿದೆ. ಅಸಲು ಪ್ರತಿಗಳು ಭದ್ರವಾಗಿವೆ ಅಂತ ನೋಡಿಕೊಂಡು, ಡಿಸ್ಕನ್ನು ಬಿಚ್ಚಿ ತೆಗೆದು, ಸಂಪೂರ್ಣ ಒರೆಸಿ ಅಥವಾ ಒಡೆದು, ಆಮೇಲೆ ಉಳಿದದ್ದನ್ನು ವಿಲೇವಾರಿ ಮಾಡಬೇಕು.

"ಈಗಿನ ತಂತ್ರಾಂಶದಲ್ಲಿ ಎಲ್ಲಾ ದೂರದ ಸರ್ವರಿನಲ್ಲಿ ಇರುತ್ತೆ, ನಮಗ್ಯಾಕೆ ತಲೆನೋವು?" ಅಂತ ಯುವಕರು ಕೇಳುತ್ತಾರೆ. ಹೊಸ ಲೆಕ್ಕದ ಮಟ್ಟಿಗೆ ಆ ಮಾತು ಸರಿ, ಒಳ್ಳೆಯದೇ ಆಯಿತು. ಆದರೆ ದೂರದ ಸರ್ವರಿಗೆ ಹೋಗುವುದು ನಾವು ಕಳಿಸಿದ್ದು ಮಾತ್ರ. ನಾವು ಕಳಿಸದ ಹಳೆಯ ವರ್ಷಗಳು ಇಲ್ಲೇ, ಈ ಕೋಣೆಯ ಈ ಕಂಪ್ಯೂಟರಿನಲ್ಲೇ ಇವೆ. ಅದನ್ನು ಕಾಯುವವರು ಬೇರೆ ಊರಿನಿಂದ ಬರುವುದಿಲ್ಲ.

ಕೊನೆಯದಾಗಿ ಸಭೆಯ ಮುಂದೆ ಮೂರು ಕೋರಿಕೆ ಇಡುತ್ತೇವೆ. ಮೊದಲನೆಯದು, ಆಡಳಿತ ಮಂಡಳಿಯ ಠರಾವು ಇಲ್ಲದೆ, ಲೆಕ್ಕ ಪರಿಶೋಧಕರ ಅಭಿಪ್ರಾಯ ಕೇಳದೆ, ಸಂಘದ ಯಾವ ಹಳೆಯ ಲೆಕ್ಕವನ್ನೂ ಯಾರೂ ಅಳಿಸಕೂಡದು ಅಂತ ಈ ಸಭೆ ನಿರ್ಣಯ ಮಾಡಲಿ. ಏನು ಅಳಿಸಿದೆವು, ಯಾವ ದಿನ, ಯಾರ ಸಮಕ್ಷಮ ಅನ್ನುವುದು ನಡವಳಿ ಪುಸ್ತಕದಲ್ಲಿ ಬರಲಿ. ಎರಡನೆಯದು, ಎರಡು ಹಾರ್ಡ್ ಡಿಸ್ಕು ಕೊಳ್ಳಲು, ಪಟ್ಟಿ ಮುದ್ರಿಸಿ ಬೈಂಡ್ ಮಾಡಿಸಲು ಬೇಕಾಗುವ ಅಲ್ಪ ಖರ್ಚಿಗೆ ತಮ್ಮ ಒಪ್ಪಿಗೆ ಇರಲಿ. ಮೂರನೆಯದು, ಸಂಘದಿಂದ ಕರೆ ಬಂದ ದಿನ ಪ್ರತಿಯೊಬ್ಬ ಸದಸ್ಯರೂ ಪಾಸ್‌ಬುಕ್ಕು, ರಸೀದಿ ತೆಗೆದುಕೊಂಡು ಬಂದು ತಮ್ಮ ಬಾಕಿ ನೋಡಿ ಸಹಿ ಹಾಕಲಿ. ವಯಸ್ಸಾದವರು, ಬರಲಾಗದ ತಾಯಂದಿರು ಇದ್ದರೆ ಸಿಬ್ಬಂದಿಯೇ ಮನೆಗೆ ಹೋಗಿ ತೋರಿಸಲಿ. ತೀರಿಕೊಂಡ ಸದಸ್ಯರ ಷೇರು ಇನ್ನೂ ಅವರ ಹೆಸರಿನಲ್ಲೇ ಉಳಿದಿದ್ದರೆ, ಅವರ ವಾರಸುದಾರರು ಇದೇ ಸಮಯದಲ್ಲಿ ಬಂದು ತಿಳಿಸಲಿ. ಹಳೆಯ ಲೆಕ್ಕ ಅಳಿಸಿದ ಮೇಲೆ ಅವರ ಪರವಾಗಿ ಮಾತಾಡುವುದು ಯಾವುದೂ ಉಳಿಯುವುದಿಲ್ಲ.

ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರು ಅನ್ನುವುದು ಸಹಕಾರದ ತತ್ವ. ಒಬ್ಬ ಸದಸ್ಯನ ಒಂದು ರಸೀದಿಯನ್ನು ಎಲ್ಲರೂ ಸೇರಿ ಕಾಯುವುದೂ ಅದೇ ತತ್ವ ಅಂತ ನಾವು ತಿಳಿದಿದ್ದೇವೆ. ಸಂಘದ ಸುವರ್ಣ ಮಹೋತ್ಸವ ಬರುವ ಹೊತ್ತಿಗೆ ಇಲ್ಲಿ ಯಾವ ತಂತ್ರಾಂಶ ಇರುತ್ತದೋ ಯಾರಿಗೆ ಗೊತ್ತು. ಆದರೆ ಅಂದು ನಮ್ಮ ಮಕ್ಕಳು ಬಂದು "ನಮ್ಮಪ್ಪನ ಷೇರು ಯಾವ ವರ್ಷದ್ದು?" ಅಂತ ಕೇಳಿದರೆ, ತೆರೆದು ತೋರಿಸುವ ಹಾಗೆ ಈ ಸಂಘ ಇರಬೇಕು.



ಜೈ ಸಹಕಾರ, ಜೈ ಕರ್ನಾಟಕ.